ಪಿಕಪ್‌ನ ಬಾಡಿಯ ತಳಕ್ಕೆ ಯಾವ ಹೊದಿಕೆ ಹಾಕಿಸುವುದು ಒಳ್ಳೆಯದು?

ಪ್ರಶ್ನೆ: ಪೆರ್ಲದ ತೋಟದವ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಎಣ್ಮಕಜೆ ಪಂಚಾಯತಿನಲ್ಲಿ ನಮಗೆ ಸಾವಿರದಷ್ಟು ಅಡಿಕೆ ಮರಗಳ ತೋಟವಿದೆ. ಕಳೆದ ವರ್ಷ ದೀಪಾವಳಿಯ ಹೊತ್ತಿಗೆ ಒಂದು ಹಳೆಯ ಬೊಲೆರೊ ಪಿಕಪ್ ಕೊಂಡುಕೊಂಡೆ. ಹಿಂಭಾಗದ ಬಾಡಿ 9 ಅಡಿ ಉದ್ದ, ಐದೂವರೆ ಅಡಿ ಅಗಲ ಇದೆ. ಎಂಜಿನ್, ಪಾಟಾ, ಟಯರು ಇವುಗಳ ಬಗ್ಗೆ ನನಗೆ ದೂರಿಲ್ಲ. ಬಾಡಿಯ ತಳ ಮಾತ್ರ ಚಿಂತೆಗೆ ಹಚ್ಚಿದೆ.

ಈ ಸಲದ ಮಳೆಗಾಲ ಮುಗಿದ ಮೇಲೆ ಒಂದು ದಿನ ಕುಳಿತು ತಳವನ್ನು ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ ನೋಡಿದೆ. ಬಣ್ಣ ಹೋದ ಕಡೆಗಳಲ್ಲೆಲ್ಲ ತುಕ್ಕು ಹಿಡಿದಿರುವುದು ನಿರೀಕ್ಷಿಸಿದ್ದೇ. ಆದರೆ ಎಡಬದಿಯಲ್ಲಿ, ಕ್ಯಾಬಿನಿಗೆ ತಾಗಿದ ಮೂಲೆಯಲ್ಲಿ, ಒಂದು ಗೇಣು ಅಗಲದಷ್ಟು ಜಾಗದಲ್ಲಿ ತಗಡು ಪದರ ಪದರವಾಗಿ ಎದ್ದಿದೆ. ಉಗುರು ತೂರಿಸಿ ಎಬ್ಬಿಸಿದರೆ ಕಾಫಿ ಬಣ್ಣದ ಚಕ್ಕೆಗಳು ಕೈಗೆ ಬರುತ್ತವೆ. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದಾಗ ತೂತು ಬೀಳಲಿಲ್ಲವಾದರೂ ತಗಡು ಒಳಕ್ಕೆ ತಗ್ಗಿತು. ಉಳಿದ ಭಾಗಕ್ಕಿಂತ ಆ ಮೂಲೆಯೊಂದೇ ಯಾಕೆ ಇಷ್ಟು ಕೆಟ್ಟಿತು ಎಂಬುದು ನನಗೆ ತಿಳಿಯಲಿಲ್ಲ.

ನಾನು ಹೇರುವ ಸಾಮಾನಿನ ವಿವರ ಹೇಳಿದರೆ ಉತ್ತರ ಕೊಡುವವರಿಗೆ ಅನುಕೂಲವಾಗಬಹುದು. ಚಾಲಿ ಅಡಿಕೆಯ ಗೋಣಿಗಳನ್ನು ಪುತ್ತೂರಿಗೋ ಬದಿಯಡ್ಕಕ್ಕೋ ಒಯ್ಯುತ್ತೇನೆ. ಬೇಸಗೆಯಲ್ಲಿ ಹಟ್ಟಿಗೊಬ್ಬರ ಮತ್ತು ಸೊಪ್ಪು, ಮಳೆಗಾಲಕ್ಕೆ ಮೊದಲು ಹಾಗೂ ಮಳೆ ಬಿಟ್ಟ ಮೇಲೆ ಯೂರಿಯಾ, ಪೊಟ್ಯಾಷ್ ಚೀಲಗಳು. ಎರಡು ಕಿಲೋಮೀಟರ್ ದೂರದಲ್ಲಿ ಗೇಣಿಗೆ ಹಿಡಿದ ಇನ್ನೊಂದು ತೋಟವಿದ್ದು, ಅಲ್ಲಿಗೆ ಕೊಳೆರೋಗದ ಮದ್ದು ಬಿಡುವ ದಿನಗಳಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟ್) ಕರಗಿಸಿದ ನೀರನ್ನು 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿ, ಕ್ಯಾಬಿನಿನ ಹಿಂದೆ ಹಗ್ಗ ಬಿಗಿದು ಸಾಗಿಸುತ್ತೇವೆ. ಸುಣ್ಣವನ್ನು ಅಲ್ಲಿಯೇ ಸೇರಿಸುವುದು ವಾಡಿಕೆ. ವರ್ಷಕ್ಕೆ ಹತ್ತು ಹದಿನೈದು ಸಲ ಮನೆ ಕಟ್ಟುವ ಕೆಂಪು ಮುರಕಲ್ಲನ್ನೂ ಹೇರುವುದುಂಟು.

ಕೇಳಿದವರೆಲ್ಲ ಬೇರೆ ಬೇರೆ ಹೇಳುತ್ತಿದ್ದಾರೆ. ಅಚ್ಚು ಹೊಯ್ದ ಪ್ಲಾಸ್ಟಿಕ್ ತಟ್ಟೆಯನ್ನು ಇಟ್ಟುಬಿಡಿ ಎಂದು ಒಬ್ಬರು, ಸ್ಪ್ರೇ ಲೈನರ್ ಹೊಡೆಸಿ ಎಂದು ಇನ್ನೊಬ್ಬರು, 3 ಮಿಲ್ಲಿಮೀಟರಿನ ಚೆಕ್ಕರ್ ಪ್ಲೇಟನ್ನು (ಉಬ್ಬುಗೆರೆಗಳಿರುವ ಕಬ್ಬಿಣದ ಹಲಗೆ) ವೆಲ್ಡ್ ಮಾಡಿಸಿದರೆ ಜನ್ಮಕ್ಕೆ ಸಾಕು ಎಂದು ನಮ್ಮ ವೆಲ್ಡಿಂಗಿನವರು. ಒಮ್ಮೆ ಹಣ ಹಾಕಿದರೆ ಕಡಿಮೆಯೆಂದರೆ ಏಳೆಂಟು ಮಳೆಗಾಲ ತಡೆಯುವಂಥದ್ದು ಬೇಕು. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.


ಉತ್ತರ: ಕುಂಬಳೆಯ ಪೈಂಟರ್

ಪೆರ್ಲದ ಅಣ್ಣನಿಗೆ ನಮಸ್ಕಾರ. ಇಪ್ಪತ್ತು ವರ್ಷಗಳಿಂದ ಟಿಂಕರಿಂಗ್ ಮತ್ತು ಪೈಂಟಿಂಗ್ ಕೆಲಸದಲ್ಲಿರುವವನಾದ ಕಾರಣ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. ಹೊದಿಕೆ ಬೇಕಾಗಿರುವುದು ಗೀರು ಬೀಳದಿರಲಿಕ್ಕೆ ಎಂದು ಎಲ್ಲರೂ ತಿಳಿದಿರುತ್ತಾರೆ. ಗೀರಿನಿಂದ ಯಾವ ಗಾಡಿಯೂ ಹಾಳಾಗುವುದಿಲ್ಲ. ಗೀರಿನೊಳಗೆ ನಿಂತ ನೀರಿನಿಂದ ಹಾಳಾಗುತ್ತದೆ. ವರ್ಷಕ್ಕೆ 3000 ಮಿಲ್ಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಯಾವುದೇ ಹೊದಿಕೆಯನ್ನು ಅಳೆಯಬೇಕಾದರೆ, ಅದರ ಅಡಿಗೆ ನೀರು ಹೋಗುತ್ತದೆಯೇ, ಹೋದರೆ ಹೊರಗೆ ಬರಲು ದಾರಿಯಿದೆಯೇ ಎಂದು ಕೇಳಬೇಕು. ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಿದರೆ ನಿಮಗೆ ಸಿಕ್ಕಿದ ಮೂರು ಸಲಹೆಗಳಲ್ಲಿ ಎರಡು ಬಿದ್ದುಹೋಗುತ್ತವೆ.

ವೆಲ್ಡ್ ಮಾಡಿದ ಚೆಕ್ಕರ್ ಪ್ಲೇಟು ಎಲ್ಲಕ್ಕಿಂತ ಕೆಟ್ಟ ಆಯ್ಕೆ ಎಂದು ನಾನು ಹೇಳುತ್ತೇನೆ. ವೆಲ್ಡಿಂಗಿನ ಬಿಸಿಗೆ ಕೆಳಗಿನ ತಗಡಿನ ಬಣ್ಣ ಎರಡೂ ಮುಖದಲ್ಲಿ ಸುಟ್ಟುಹೋಗುತ್ತದೆ, ಮತ್ತು ಎರಡು ತಗಡುಗಳ ನಡುವಿನ ಸಂದಿಗೆ ಹೋದ ನೀರನ್ನು ಒಣಗಿಸಲು ಯಾವ ಬಿಸಿಲಿನಿಂದಲೂ ಆಗುವುದಿಲ್ಲ. ಮೇಲಿನ ಪ್ಲೇಟು ಹೊಸದರಂತೆ ಕಾಣುತ್ತಿರುವಾಗಲೇ ಕೆಳಗಿನ ತಳ ಹೋಗಿರುತ್ತದೆ. ಭಾರದ ಲೆಕ್ಕವನ್ನೂ ಮರೆಯಬಾರದು. ನಿಮ್ಮ ತಳದ ವಿಸ್ತೀರ್ಣ ಸುಮಾರು 4.6 ಚದರ ಮೀಟರ್. 3 ಮಿಲ್ಲಿಮೀಟರಿನ ಕಬ್ಬಿಣದ ಪ್ಲೇಟು ಅಷ್ಟು ಜಾಗಕ್ಕೆ 108 ಕಿಲೋ ತೂಗುತ್ತದೆ. ಅಂದರೆ ಪ್ರತಿ ಓಡಾಟದಲ್ಲಿಯೂ ಹೆಚ್ಚುಕಡಿಮೆ ಎರಡು ಗೋಣಿ ಅಡಿಕೆಯ ತೂಕವನ್ನು ನೀವು ಸುಮ್ಮನೆ ಹೊರುತ್ತಿರುತ್ತೀರಿ.

ಅಚ್ಚಿನ ಪ್ಲಾಸ್ಟಿಕ್ ತಟ್ಟೆ ಗಟ್ಟಿ ಪಾಲಿಥೀನಿನದು. ಪೆಟ್ಟು ತಡೆಯುತ್ತದೆ, ಹಗುರವೂ ಹೌದು, ಒಂದು ಗಂಟೆಯಲ್ಲಿ ಕೂರಿಸಬಹುದು. ಆದರೆ ಅದು ತಗಡಿಗೆ ಅಂಟಿರುವುದಿಲ್ಲ. ಗಾಡಿ ಓಡುವಾಗ ಸಣ್ಣಗೆ ಅಲುಗುತ್ತಲೇ ಇರುತ್ತದೆ. ಅಡಿಯಲ್ಲಿ ಸೇರಿಕೊಂಡ ಮರಳು ಮತ್ತು ಆ ಅಲುಗಾಟ ಸೇರಿದರೆ ಎಮರಿ ಪೇಪರಿನಿಂದ ದಿನವಿಡೀ ಉಜ್ಜಿದ ಹಾಗೆಯೇ. ತಟ್ಟೆಯನ್ನು ಸ್ಕ್ರೂ ಹಾಕಿ ಕೂರಿಸುವುದಾದರೆ ಪ್ರತಿಯೊಂದು ಸ್ಕ್ರೂವಿನ ತೂತೂ ತುಕ್ಕಿಗೆ ಒಂದು ಬಾಗಿಲು. ಹಾಕುವುದಿದ್ದರೆ ವರ್ಷಕ್ಕೆ ಎರಡು ಸಲವಾದರೂ ಅದನ್ನು ಎತ್ತಿ ತೊಳೆಯುತ್ತೇನೆಂಬ ಮನಸ್ಸಿರಬೇಕು.

ಸ್ಪ್ರೇ ಲೈನರ್ ತಗಡಿಗೆ ಅಂಟಿಕೊಳ್ಳುವುದರಿಂದ ಅಡಿಯೆಂಬುದೇ ಇರುವುದಿಲ್ಲ. ಇದರಲ್ಲಿ ಎರಡು ಬಗೆ. ಒಂದು ಪಾಲಿಯೂರಿಯಾ. ಎರಡು ದ್ರವಗಳನ್ನು ಯಂತ್ರದಲ್ಲಿ 65ರಿಂದ 75 ಡಿಗ್ರಿಯವರೆಗೆ ಬಿಸಿಮಾಡಿ, ಹೆಚ್ಚಿನ ಒತ್ತಡದಲ್ಲಿ ಗನ್ನಿನ ಮೂತಿಯಲ್ಲಿ ಬೆರೆಸಿ ಹೊಡೆಯುತ್ತಾರೆ. ಬಿದ್ದ ಕೆಲವೇ ಸೆಕೆಂಡುಗಳಲ್ಲಿ ಅದು ಗಟ್ಟಿಯಾಗುತ್ತದೆ, ಆದ್ದರಿಂದ ಎರಡು ಮೂರು ಮಿಲ್ಲಿಮೀಟರ್ ದಪ್ಪವನ್ನು ಒಂದೇ ದಿನದಲ್ಲಿ ಕೊಡಬಹುದು. ಯಂತ್ರ ದುಬಾರಿಯಾದ ಕಾರಣ ಇದು ದೊಡ್ಡ ಊರುಗಳಲ್ಲಿ ಮಾತ್ರ ಸಿಗುತ್ತದೆ. ಇನ್ನೊಂದು ಬಾಟಲಿಯಲ್ಲಿ ಬರುವ ಯೂರೆಥೇನ್ ಕಿಟ್. ರಾಪ್ಟರ್ ಮೊದಲಾದ ಹೆಸರುಗಳಲ್ಲಿ ಸಿಗುತ್ತದೆ. ಮೂರು ಪಾಲು ಲೈನರಿಗೆ ಒಂದು ಪಾಲು ಹಾರ್ಡ್‌ನರ್ ಬೆರೆಸಿ ಸಾಧಾರಣ ಕಂಪ್ರೆಸರಿನಿಂದಲೇ ಹೊಡೆಯಬಹುದು. ಪದರ ತೆಳು, ಹಾಗಾಗಿ ಮೂರು ಕೋಟಾದರೂ ಬೇಕು, ಆದರೆ ಕೆಟ್ಟ ಜಾಗವನ್ನು ಮುಂದೆ ನೀವೇ ಸರಿಪಡಿಸಿಕೊಳ್ಳಬಹುದು. ನಿಮ್ಮ ಕೆಲಸಕ್ಕೆ ಎರಡನೆಯದೂ ಸಾಕು ಎಂಬುದು ನನ್ನ ಅಭಿಪ್ರಾಯ.

ಆದರೆ ಈ ಕೆಲಸದಲ್ಲಿ ಮುಕ್ಕಾಲು ಪಾಲು ಹೊಡೆಯುವುದಕ್ಕೆ ಮೊದಲೇ ಮುಗಿದಿರಬೇಕು. ತುಕ್ಕನ್ನು ತಂತಿ ಬ್ರಶ್ಶು ಮತ್ತು ಗ್ರೈಂಡರಿನಿಂದ ಬಿಳಿ ಲೋಹ ಕಾಣುವವರೆಗೆ ತೆಗೆಯಬೇಕು. ಗುಳಿಗಳೊಳಗೆ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್ ಹಚ್ಚಬೇಕು. ಗಟ್ಟಿಯಾಗಿ ಉಳಿದ ಹಳೆಯ ಬಣ್ಣವನ್ನು ಕೀಳಬೇಕಾಗಿಲ್ಲ. 80 ಅಥವಾ 120 ನಂಬರಿನ ಎಮರಿಯಿಂದ ಹೊಳಪು ಹೋಗುವಂತೆ ಉಜ್ಜಿದರೆ ಸಾಕು. ಆಮೇಲೆ ಎಣ್ಣೆ ಜಿಡ್ಡು ಹೋಗುವಂತೆ ಥಿನ್ನರಿನಲ್ಲಿ ಒರೆಸಿ, ಬರಿ ತಗಡಿಗೆ ಎಪಾಕ್ಸಿ ಪ್ರೈಮರ್ ಕೊಡಬೇಕು. ನೀರಿಳಿಯುವ ತೂತುಗಳಿಗೂ ಬೋಲ್ಟುಗಳ ತಲೆಗೂ ಟೇಪು ಅಂಟಿಸಿ ಮುಚ್ಚುವುದನ್ನು ಮರೆಯಬಾರದು. ಆ ತೂತು ಕಟ್ಟಿಹೋದರೆ ನೀವು ಮಾಡಿಸಿದ್ದು ಲೈನರ್ ಅಲ್ಲ, ಕೆರೆ.

ಇನ್ನು ಕಾಲದ ವಿಚಾರ. ಹಾರ್ಡ್‌ನರಿನಲ್ಲಿರುವ ಐಸೊಸಯನೇಟಿಗೆ ನೀರಿನ ಪಸೆ ತಾಗಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಗುಳ್ಳೆ ಏಳುತ್ತದೆ. ಕೆಲವು ವರ್ಷಗಳ ಹಿಂದೆ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಗಿರಾಕಿಯೊಬ್ಬರ ಅವಸರಕ್ಕೆ ಒಪ್ಪಿ ಒಂದು ಗಾಡಿಗೆ ಹೊಡೆದೆ. ತಗಡು ಕೈಗೆ ಒಣಗಿದಂತೆಯೇ ಕಂಡಿತ್ತು. ಮಾರನೆಯ ಬೆಳಿಗ್ಗೆ ನೋಡಿದರೆ ಕಾದ ಎಣ್ಣೆಗೆ ಬಿಟ್ಟ ಹಲಸಿನ ಹಪ್ಪಳದ ಮೈಯಂತೆ ಗುಳ್ಳೆಗಳು. ಎರಡು ತಿಂಗಳೊಳಗೆ ಅಂಗೈಯಷ್ಟು ಅಗಲದ ಚೂರುಗಳು ಎದ್ದು ಬಂದವು. ಪೂರ್ತಿ ಕೆರೆದು ನನ್ನ ಖರ್ಚಿನಲ್ಲಿಯೇ ಮತ್ತೊಮ್ಮೆ ಮಾಡಿಕೊಟ್ಟೆ. ತಗಡಿನ ಬಿಸಿ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕಡಿಮೆಯೆಂದರೆ 3 ಡಿಗ್ರಿ ಮೇಲಿರಬೇಕು ಎಂಬ ನಿಯಮವನ್ನು ಅಂದಿನಿಂದ ಮೀರಿಲ್ಲ. ನಮ್ಮಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ, ಬೆಳಗಿನ ಹತ್ತು ಗಂಟೆಯ ನಂತರ ಈ ಕೆಲಸಕ್ಕೆ ಯೋಗ್ಯ ಕಾಲ. ಮೇ ಕೊನೆಯ ವಾರದ ಪತ್ತನಾಜೆ ಕಳೆದ ಮೇಲೆ ಯಾರು ಒತ್ತಾಯಿಸಿದರೂ ಒಪ್ಪಬೇಡಿ.

ಸ್ವಂತವಾಗಿ ಹೊಡೆಯುವ ಯೋಚನೆಯಿದ್ದರೆ ಕೈಮುಗಿದು ಹೇಳುತ್ತೇನೆ, ಬಟ್ಟೆಯ ಮಾಸ್ಕು ಸಾಲದು. ಐಸೊಸಯನೇಟಿನ ಮಂಜು ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ಹತ್ತಿಕೊಳ್ಳುತ್ತದೆ, ಒಮ್ಮೆ ಹತ್ತಿಕೊಂಡವರಿಗೆ ಮುಂದೆ ಅದರ ಸ್ವಲ್ಪ ಗಾಳಿ ಬಡಿದರೂ ಉಸಿರು ಕಟ್ಟುತ್ತದೆ. ಹೊರಗಿನಿಂದ ಶುದ್ಧ ಗಾಳಿ ಬರುವ ಮುಖಕವಚ ಇರುವ ಕಡೆಯಲ್ಲಿಯೇ ಮಾಡಿಸಿ.


ಉತ್ತರ: ಮುಳ್ಳೇರಿಯದ ಹೈನುಗಾರ

ಕುಂಬಳೆಯವರು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೂ ಎಲ್ಲರೂ ಸ್ಪ್ರೇ ಮಾಡಿಸಲೇಬೇಕೆಂಬುದು ನನಗೆ ಸರಿಕಾಣುವುದಿಲ್ಲ. ನಾನು ಹಾಲಿನ ಕ್ಯಾನು, ಹಿಂಡಿ, ಬೈಹುಲ್ಲು ಸಾಗಿಸುವವನು. ಪಿಕಪ್ ಹೊಸದಾಗಿ ಬಂದಾಗ ಪ್ಲಾಸ್ಟಿಕ್ ತಟ್ಟೆಯನ್ನೇ ಹಾಕಿಸಿದ್ದೆ. ಅಂಗಡಿಯವರು ಅದನ್ನು ಎತ್ತಿ ತೊಳೆಯಬೇಕೆಂದು ಒಂದು ಮಾತು ಹೇಳಿರಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಏನೋ ಹುಳಿವಾಸನೆ ಬರುತ್ತಿದೆಯೆಂದು ಬಿಚ್ಚಿ ನೋಡಿದರೆ, ಅಡಿಯಲ್ಲಿ ಹಿಂಡಿಯ ಪುಡಿ ಮತ್ತು ಕೆಸರು ಸೇರಿ ಒಂದು ಬೆರಳು ದಪ್ಪದ ಲೇಪವಾಗಿತ್ತು, ಜೋಳದ ಕಾಳುಗಳು ಮೊಳಕೆಯೊಡೆದು ಬಿಳಿ ಬೇರು ಬಿಟ್ಟಿದ್ದವು. ಅದರ ಕೆಳಗಿನ ತಗಡಿನಲ್ಲಿ ಬಣ್ಣವಿರಲಿಲ್ಲ. ಇನ್ನೊಂದು ತೊಂದರೆಯೆಂದರೆ, ತಟ್ಟೆ ನುಣುಪು. ಅಡೂರಿನ ಕಡೆಯ ಏರುಗಳಲ್ಲಿ ಕ್ಯಾನುಗಳು ಜಾರಿ ಹಿಂಬಾಗಿಲಿಗೆ ಬಡಿಯುತ್ತಿದ್ದವು.

ಈಗ ಐದು ವರ್ಷಗಳಿಂದ ಹಟ್ಟಿಯಲ್ಲಿ ದನಗಳ ಕಾಲಡಿಗೆ ಹಾಸುವ ರಬ್ಬರ್ ಮ್ಯಾಟನ್ನೇ ಹಾಸುತ್ತಿದ್ದೇನೆ. ಆರೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲದ ಎರಡು ಮ್ಯಾಟುಗಳನ್ನು ತಂದು, ಉದ್ದವನ್ನು ಬಾಡಿಯ ಅಗಲಕ್ಕೆ ಸರಿಯಾಗಿ ಐದೂವರೆ ಅಡಿಗೆ ಕತ್ತರಿಸಿ ಅಡ್ಡಲಾಗಿ ಹಾಸಿದರೆ ಒಂಬತ್ತು ಅಡಿಯಲ್ಲಿ ಎಂಟು ಅಡಿ ಮುಚ್ಚುತ್ತದೆ. ಹಿಂಬಾಗಿಲ ಹತ್ತಿರದ ಒಂದು ಅಡಿಯನ್ನು ಬೇಕೆಂದೇ ತೆರೆದು ಬಿಟ್ಟಿದ್ದೇನೆ, ಗುಡಿಸಿದ ಕಸವೂ ತೊಳೆದ ನೀರೂ ಅಲ್ಲಿಂದ ಹೋಗುತ್ತದೆ. ಮ್ಯಾಟಿನ ಅಡಿಮುಖದಲ್ಲಿ ಗೆರೆಗಳಿವೆ, ಗಾಡಿಯ ತಳದಲ್ಲಿಯೂ ಉಬ್ಬುತಗ್ಗುಗಳಿವೆ, ಆದ್ದರಿಂದ ನೀರು ನಿಲ್ಲದೆ ಹರಿಯುತ್ತದೆ. ತೆಳು ಮ್ಯಾಟು ಎರಡು ಬೇಸಗೆಗೆ ಮುದುರಿ ಏಳುತ್ತದೆ. 15 ಮಿಲ್ಲಿಮೀಟರಿನದನ್ನೇ ಕೊಳ್ಳಬೇಕು. ಕತ್ತರಿಸಿದ ಒಂದೊಂದು ತುಂಡು 35 ಕಿಲೋದಷ್ಟು ತೂಗುತ್ತದೆಯಾದರೂ ಮಗನೂ ನಾನೂ ಹಿಡಿದು ಹದಿನೈದು ದಿನಕ್ಕೊಮ್ಮೆ ಇಳಿಸಿ ಅಂಗಳದಲ್ಲಿ ತೊಳೆಯುತ್ತೇವೆ. ಅಣ್ಣ, ನಿಮ್ಮ ಮುರಕಲ್ಲಿಗೆ ಇದಕ್ಕಿಂತ ಒಳ್ಳೆಯ ಹಾಸು ಇಲ್ಲ. ಕಲ್ಲಿನ ಮೂಲೆ ಬಡಿದರೆ ರಬ್ಬರು ತಗ್ಗಿ ಮತ್ತೆ ಏಳುತ್ತದೆ. ಸ್ಪ್ರೇ ಎಷ್ಟೇ ಗಟ್ಟಿಯಾದರೂ, ಮೇಲಿನಿಂದ ಎಸೆದ ಕಲ್ಲಿನ ಅಡಿಯಲ್ಲಿರುವ ತಗಡು ತಗ್ಗುವುದನ್ನು ಅದು ತಡೆಯಲಾರದು.


ಉತ್ತರ: ನೀರ್ಚಾಲಿನ ನಿವೃತ್ತ ಅಧ್ಯಾಪಿಕೆ

ವಾಹನಗಳ ಕೆಲಸ ನನಗೆ ತಿಳಿಯದು. ಆದರೆ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳೂ ಅಡಿಕೆ ತೋಟದ ಮನೆಯವಳೂ ಆಗಿರುವುದರಿಂದ, ಪೆರ್ಲದವರು ಕೇಳಿದ ಆ ಮೂಲೆಯ ಬಗ್ಗೆ ಹೇಳದೆ ಇರಲಾರೆ. ಆ ಮೂಲೆಯನ್ನು ತಿಂದದ್ದು ಮಳೆನೀರಲ್ಲ, ಮೈಲುತುತ್ತು. ಡ್ರಮ್ಮು ಕಟ್ಟುವ ಜಾಗ ಅದೇ ಅಲ್ಲವೇ ಎಂದು ಒಮ್ಮೆ ನೋಡಿಕೊಳ್ಳಿ.

ಮೈಲುತುತ್ತಿಗೆ ಸುಣ್ಣ ಸೇರಿಸಿ ಬೋರ್ಡೋ ದ್ರಾವಣವೆಂಬ ಈ ಮದ್ದನ್ನು ತಯಾರಿಸುವಾಗ ಸುಣ್ಣ ಸಾಕಾಯಿತೇ ಎಂದು ತಿಳಿಯಲು ಮಸೆದು ಹೊಳಪಾದ ಕತ್ತಿಯನ್ನು ಅದ್ದಿ ನೋಡುತ್ತೇವೆ. ಸುಣ್ಣ ಸಾಲದಿದ್ದರೆ ಒಂದು ನಿಮಿಷದೊಳಗೆ ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣ ಕೂರುತ್ತದೆ. ಎಲ್ಲರೂ ಆ ಕೆಂಪನ್ನು ನೋಡುತ್ತಾರೆ. ಆದರೆ ತಾಮ್ರ ಕೂರಬೇಕಾದರೆ ಅಷ್ಟು ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿರಲೇಬೇಕು. ನೀವು ಸಾಗಿಸುವುದು ಸುಣ್ಣ ಸೇರದ ಬರಿ ಮೈಲುತುತ್ತಿನ ನೀರು, ಅಂದರೆ ಕತ್ತಿಯ ಪರೀಕ್ಷೆಯಲ್ಲಿ ಪೂರ್ತಿ ಸೋಲುವ ದ್ರಾವಣ. ಲೆಕ್ಕ ಹಾಕಿದರೆ 1 ಕಿಲೋ ಮೈಲುತುತ್ತು ಸುಮಾರು 224 ಗ್ರಾಂ ಕಬ್ಬಿಣವನ್ನು ಕರಗಿಸಬಲ್ಲದು. 100 ಲೀಟರ್ ಮದ್ದಿಗೆ 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸುವುದು ಕ್ರಮವಾದ್ದರಿಂದ, ಡ್ರಮ್ಮಿನಿಂದ ತುಳುಕಿದ ಪ್ರತಿಯೊಂದು ಲೀಟರಿನಲ್ಲಿಯೂ 20 ಗ್ರಾಂ ಮೈಲುತುತ್ತು ಇರುತ್ತದೆ, ಅದು ನಾಲ್ಕೂವರೆ ಗ್ರಾಂ ಕಬ್ಬಿಣಕ್ಕೆ ಸಮ. ನಾಲ್ಕೂವರೆ ಗ್ರಾಂ ಎಷ್ಟರದು ಎಂದು ಅನಿಸಬಹುದು. ಆದರೆ ಬಣ್ಣ ಗಟ್ಟಿಯಿರುವ ಕಡೆ ಅದು ಏನನ್ನೂ ಮಾಡಲಾರದು, ಬಣ್ಣ ಕಿತ್ತುಹೋದ ಹತ್ತು ರೂಪಾಯಿ ನಾಣ್ಯದಷ್ಟು ಜಾಗದಲ್ಲಿಯೇ ಪೂರ್ತಿ ಕೆಲಸ ಮಾಡಿತೆಂದಿಟ್ಟುಕೊಂಡರೆ ಅಲ್ಲಿ 1 ಮಿಲ್ಲಿಮೀಟರ್ ಆಳಕ್ಕೆ ಕೊರೆಯುತ್ತದೆ. ಅಷ್ಟಕ್ಕೇ ಮುಗಿಯುವುದೂ ಇಲ್ಲ. ಕಬ್ಬಿಣದ ಮೇಲೆ ಕೂತ ತಾಮ್ರ ಮತ್ತು ಕಬ್ಬಿಣ ಸೇರಿ ಒದ್ದೆಯಲ್ಲಿ ಒಂದು ಸಣ್ಣ ಬ್ಯಾಟರಿಯಂತಾಗಿ, ಮುಂದೆ ಬರಿ ಮಳೆನೀರು ಬಿದ್ದರೂ ತುಕ್ಕು ವೇಗವಾಗಿ ಬೆಳೆಯುತ್ತದೆ.

ಪೊಟ್ಯಾಷಿನ ಚೀಲವನ್ನೂ ಲಘುವಾಗಿ ಎಣಿಸಬೇಡಿ. ನಾವು ಬಳಸುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸಿನಂತೆ ಸಾವಿರ ಮರಗಳಿಗೆ 230 ಕಿಲೋಗೂ ಮೀರಿದ ಮ್ಯೂರಿಯೇಟ್ ಬೇಕು. ಚೀಲದ ಹೊಲಿಗೆಯಿಂದ ಉದುರಿದ ಒಂದು ಹಿಡಿ ಗಾಳಿಯ ಪಸೆಯನ್ನು ಹೀರಿಕೊಂಡು ನೀರಾಗಿ ತಗ್ಗುಗಳಲ್ಲಿ ನಿಲ್ಲುತ್ತದೆ. ಕ್ಲೋರೈಡಿನಷ್ಟು ಕಬ್ಬಿಣಕ್ಕೆ ಕೆಡುಕು ಮಾಡುವ ವಸ್ತುಗಳು ಕಡಿಮೆ.

ಮುಳ್ಳೇರಿಯದವರ ಸಲಹೆಗೆ ಒಂದು ತಿದ್ದುಪಡಿ. ರಬ್ಬರ್ ಮ್ಯಾಟನ್ನು ಡ್ರಮ್ಮಿನ ಅಡಿಗೆ ಹಾಕಬೇಡಿ. ತಾಮ್ರದ ಅಂಶ ತಾಗಿದ ನೈಸರ್ಗಿಕ ರಬ್ಬರು ಗಾಳಿಯ ಆಮ್ಲಜನಕಕ್ಕೆ ಬೇಗನೆ ತುತ್ತಾಗಿ ಅಂಟಂಟಾಗಿ ಕೆಡುತ್ತದೆ. ರಬ್ಬರ್ ಕೃಷಿಯಿರುವ ಮನೆಗಳಲ್ಲಿ ರಬ್ಬರ್ ಮರದ ಹಾಲಿಗೆ ತಾಮ್ರ ತಾಗಬಾರದೆಂದು ಎಚ್ಚರ ವಹಿಸುವುದು ಇದೇ ಕಾರಣಕ್ಕೆ. ಡೀಸೆಲ್, ಗ್ರೀಸು ಬಿದ್ದರೂ ಅದು ಉಬ್ಬುತ್ತದೆ. ಪಾಲಿಥೀನಿಗೆ ಮೈಲುತುತ್ತಿನಿಂದ ಯಾವ ತೊಂದರೆಯೂ ಇಲ್ಲ. ಆದ್ದರಿಂದ ಡ್ರಮ್ಮನ್ನು ಅಂಚು ಎತ್ತರವಿರುವ ಪ್ಲಾಸ್ಟಿಕ್ ತೊಟ್ಟಿಯೊಳಗೆ ಇಟ್ಟು ಸಾಗಿಸಿರಿ. ತುಳುಕಿದ್ದು ತೊಟ್ಟಿಯಲ್ಲಿಯೇ ಉಳಿಯುತ್ತದೆ, ಅದನ್ನು ಮತ್ತೆ ಡ್ರಮ್ಮಿಗೆ ಸುರಿಯಲೂಬಹುದು. ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂದು ನಮ್ಮ ಹಿರಿಯರು ಪಾಲಿಸಿಕೊಂಡು ಬಂದ ನಿಯಮ ಕಬ್ಬಿಣದ ಗಾಡಿಗೂ ಸಲ್ಲುತ್ತದೆ.


ಉತ್ತರ: ಉಪ್ಪಳದ ಮೀನುಗಾಡಿ

ನಾನು ಐಸು ಹಾಕಿದ ಮೀನಿನ ಪೆಟ್ಟಿಗೆ ಹೇರುವವನು, ಉಪ್ಪುನೀರು ನಮ್ಮ ತಳದಲ್ಲಿ ದಿನವೂ ಹರಿಯುತ್ತದೆ. ಹಗುರವೆಂದು ಕೆಲವರು ಅಲ್ಯುಮಿನಿಯಂ ಚೆಕ್ಕರ್ ಶೀಟನ್ನು ಹೇಳಿಯಾರು. ನಾನು ಅದನ್ನು ಹಾಕಿಸಿದ್ದೆ. ಕಬ್ಬಿಣದ ಬೋಲ್ಟು ಹಾಕಿದ ಕಡೆಗಳಲ್ಲಿ ವರ್ಷ ತುಂಬುವುದರೊಳಗೆ ಬಿಳಿ ಹುಡಿ ಕಟ್ಟಿತು, ಆಮೇಲೆ ಬೋಲ್ಟಿನ ತೂತುಗಳು ಅಗಲವಾಗಿ ಶೀಟು ಗಡಗಡ ಅಲುಗತೊಡಗಿತು. ಉಪ್ಪುನೀರಿನಲ್ಲಿ ಅಲ್ಯುಮಿನಿಯಮ್ಮೂ ಕಬ್ಬಿಣವೂ ತಾಗಿಕೊಂಡಿದ್ದರೆ ಅಲ್ಯುಮಿನಿಯಂ ಸವೆಯುತ್ತದೆ. ಈಗ ಪಾಲಿಯೂರಿಯಾ ಹೊಡೆಸಿ ನಾಲ್ಕು ವರ್ಷವಾಯಿತು, ಬಿಸಿಲಿಗೆ ಕಪ್ಪು ಬಣ್ಣ ಬೂದಿಯಂತಾಗಿದೆ ಎಂಬುದನ್ನು ಬಿಟ್ಟರೆ ಕುಂದಿಲ್ಲ. ಬಣ್ಣ ಮಾಸಬಾರದೆಂದಿದ್ದರೆ ಅಲಿಫ್ಯಾಟಿಕ್ ಎಂಬ ಬಗೆಯದನ್ನು ಕೇಳಬೇಕು, ಅದರ ಬೆಲೆ ಹೆಚ್ಚು. ತೋಟದ ಗಾಡಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಹೇಳಲೇಬೇಕಾದ ಇನ್ನೊಂದು ಮಾತಿದೆ. ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಪೆಟ್ರೋಲಿನ ಕ್ಯಾನನ್ನು ಪಿಕಪ್‌ನಲ್ಲಿ ಒಯ್ಯುವವರು ತುಂಬ ಜನ. ತಳಕ್ಕೆ ಪ್ಲಾಸ್ಟಿಕ್ ತಟ್ಟೆ ಹಾಕಿದ ಗಾಡಿಯಲ್ಲಿ ಕ್ಯಾನನ್ನು ಮೇಲೆಯೇ ಇಟ್ಟು ಪೆಟ್ರೋಲು ತುಂಬಿಸಬಾರದು. ಪೆಟ್ರೋಲು ಹರಿಯುವಾಗ ಕ್ಯಾನಿನಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತು ನೆಲಕ್ಕೆ ಇಳಿಯಲು ಆ ಪ್ಲಾಸ್ಟಿಕ್ ಬಿಡುವುದಿಲ್ಲ, ಕಿಡಿ ಹಾರಿದರೆ ಆವಿಗೆ ಬೆಂಕಿ ಹಿಡಿಯುತ್ತದೆ. ಅಮೆರಿಕದಲ್ಲಿ ಈ ಕಾರಣದಿಂದ ಬೆಂಕಿ ಬಿದ್ದ ಪ್ರಕರಣಗಳಿದ್ದು, ಅಲ್ಲಿನ ಸರಕಾರಿ ಸುರಕ್ಷತಾ ಸಂಸ್ಥೆ 1990ರ ದಶಕದಲ್ಲಿಯೇ ಎಚ್ಚರಿಕೆ ಕೊಟ್ಟಿತ್ತು. ಲೋಹದ ಕ್ಯಾನನ್ನೇ ಬಳಸಿ, ಕೆಳಗಿಳಿಸಿ ನೆಲದ ಮೇಲೆ ಇಟ್ಟು ತುಂಬಿಸಿ. ತಳಕ್ಕೆ ರಬ್ಬರು ಹಾಸಿದ್ದರೂ ಲೈನರ್ ಹೊಡೆಸಿದ್ದರೂ ಇದೇ ಅಭ್ಯಾಸ ಒಳ್ಳೆಯದು.


ಪ್ರಶ್ನೆ ಕೇಳಿದವರ ಮರುಮಾತು: ಪೆರ್ಲದ ತೋಟದವ

ಟೀಚರ್ ಹೇಳಿದ್ದು ಅಕ್ಷರಶಃ ನಿಜ. ಡ್ರಮ್ಮು ಕಟ್ಟುವುದು ಎಡಬದಿಯ ಅದೇ ಮೂಲೆಯಲ್ಲಿ. ಚಕ್ಕೆಯೊಂದನ್ನು ಎಬ್ಬಿಸಿ ಅದರಡಿಯ ತಗಡನ್ನು ಎಮರಿಯಿಂದ ಮೆಲ್ಲಗೆ ಉಜ್ಜಿ ನೋಡಿದೆ, ಗುಳಿಯೊಳಗೆ ಕೆಂಪಗೆ ಮಿನುಗುವ ಚುಕ್ಕಿಗಳು ಕಂಡವು. ನಾಲ್ಕು ಮಳೆಗಾಲದಿಂದ ಕತ್ತಿಯಲ್ಲಿ ನೋಡುತ್ತಾ ಬಂದ ಬಣ್ಣವನ್ನು ಗಾಡಿಯಲ್ಲಿ ಗುರುತಿಸದೆ ಹೋದೆ. ಹಿಂದಿನ ಯಜಮಾನರೂ ತೋಟದವರೇ ಆಗಿದ್ದರು, ಬಹುಶಃ ಅವರ ಕಾಲದಲ್ಲಿಯೇ ಇದು ಶುರುವಾಗಿರಬೇಕು.

ಕುಂಬಳೆಯವರಲ್ಲಿ ಒಂದು ಸಂಶಯ ಕೇಳುತ್ತೇನೆ. ಆ ಮೂಲೆಯ ತಗಡನ್ನು ಹಾಗೆಯೇ ಇಟ್ಟು ಮೇಲೆ ದಪ್ಪವಾಗಿ ಲೈನರ್ ಹೊಡೆದರೆ ಸಾಕಾಗದೇ? ನಮ್ಮ ಊರಿನ ಗ್ಯಾರೇಜಿನವರು ಪುಟ್ಟಿ ತುಂಬಿಸಿ ಮುಚ್ಚಬಹುದು ಎನ್ನುತ್ತಾರೆ.


ಉತ್ತರ: ಕುಂಬಳೆಯ ಪೈಂಟರ್

ಪುಟ್ಟಿ ಬೇಡವೇ ಬೇಡ. ಭಾರ ಬೀಳುವ ತಳದಲ್ಲಿ ಪುಟ್ಟಿ ಬಿರುಕು ಬಿಡುತ್ತದೆ. ಲೈನರಿಗೆ ಬಲ ಕೊಡುವುದು ಕೆಳಗಿನ ತಗಡು, ಸ್ಕ್ರೂಡ್ರೈವರಿಗೆ ತಗ್ಗುವ ತಗಡಿನ ಮೇಲೆ ಅದು ನಿಲ್ಲುವುದಿಲ್ಲ. ಆ ಗೇಣಗಲದ ಜಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆಸಿ, ಅಷ್ಟೇ ದಪ್ಪದ ಹೊಸ ತಗಡನ್ನು ಅಂಚಿಗೆ ಅಂಚು ಕೂರಿಸಿ ವೆಲ್ಡ್ ಮಾಡಿಸಿ. ಒಂದರ ಮೇಲೊಂದು ಹೇರಿ ವೆಲ್ಡ್ ಮಾಡಿದರೆ ಮತ್ತೆ ಸಂದಿ ಹುಟ್ಟುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ವಯರನ್ನು ಬಿಚ್ಚಿಸಿರಿ, ಇಲ್ಲವಾದರೆ ಎಂಜಿನಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಪೆಟ್ಟಾಗಬಹುದು. ವೆಲ್ಡ್ ಆದ ಮೇಲೆ ಗಾಡಿಯ ಕೆಳಗೆ ಮಲಗಿ ಅಡಿಮುಖಕ್ಕೂ ಪ್ರೈಮರ್ ಮತ್ತು ಅಂಡರ್ ಕೋಟಿಂಗ್ ಕೊಡಿಸಬೇಕು. ಕೆಲಸಗಾರರು ಸಾಮಾನ್ಯವಾಗಿ ಬಿಟ್ಟುಬಿಡುವುದು ಇದನ್ನೇ, ಎದುರಿಗೆ ನಿಂತು ಮಾಡಿಸಿ. ಮೈಲುತುತ್ತು ತಾಗಿದ ಸುತ್ತಲಿನ ಭಾಗವನ್ನು ಕೆಲಸಕ್ಕೆ ಮೊದಲು ಎರಡು ಮೂರು ಸಲ ಧಾರಾಳ ನೀರಿನಲ್ಲಿ ತೊಳೆಯಿರಿ. ತಾಮ್ರದ ಚುಕ್ಕಿ ಒಂದೂ ಉಳಿಯದಂತೆ ಗ್ರೈಂಡರ್ ಆಡಿಸಲು ಹೇಳಿ.


ಪ್ರಶ್ನೆ ಕೇಳಿದವರ ಮರುಮಾತು: ಪೆರ್ಲದ ತೋಟದವ

ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ಕೆಲಸ ಮುಗಿಯಿತು. ಮೂಲೆಯ ತಗಡನ್ನು ಕತ್ತರಿಸಿ ತೆಗೆದಾಗ ಅದು ಕೈಯಲ್ಲಿಯೇ ಮುರಿಯಿತು. ಹೊಸ ತುಂಡು ಹಾಕಿಸಿ, ಅಡಿಮುಖಕ್ಕೆ ಪ್ರೈಮರ್ ಕೊಡಿಸಿ, ಡಿಸೆಂಬರಿನ ಒಣ ಬಿಸಿಲು ನೋಡಿ ಕಿಟ್ ಲೈನರನ್ನು ತಳಕ್ಕೆ ನಾಲ್ಕು ಕೋಟು, ಬದಿಗಳಿಗೆ ಎರಡು ಕೋಟು ಹೊಡೆಸಿದೆ. ತಯಾರಿಗೆ ಎರಡು ದಿನ ಹಿಡಿಯಿತು, ಹೊಡೆಯಲು ಅರ್ಧ ದಿನವೂ ಬೇಕಾಗಲಿಲ್ಲ. ಮುರಕಲ್ಲು ಹೇರುವ ದಿನಕ್ಕೆಂದು ಹಟ್ಟಿಯ ಮ್ಯಾಟು ಎರಡನ್ನು ಕತ್ತರಿಸಿ ಶೆಡ್ಡಿನಲ್ಲಿ ಇಟ್ಟಿದ್ದೇನೆ, ಉಳಿದ ದಿನಗಳಲ್ಲಿ ತಳ ತೆರೆದೇ ಇರುತ್ತದೆ. ಡ್ರಮ್ಮಿಗೆ ಟೀಚರ್ ಹೇಳಿದಂತೆ ಅಂಚು ಎತ್ತರದ ಪ್ಲಾಸ್ಟಿಕ್ ತೊಟ್ಟಿ ತಂದಾಯಿತು.

ಗಾಡಿಯನ್ನು ಮನೆಯ ಏರಿನಲ್ಲಿ ನಿಲ್ಲಿಸಿ ಒಂದು ಕೊಡ ನೀರು ಹೊಯ್ದು ನೋಡಿದೆ. ಬಲಬದಿಯ ತೂತಿನಿಂದ ನೀರು ಸರಾಗವಾಗಿ ಇಳಿಯಿತು, ಎಡಬದಿಯದು ಕಟ್ಟಿತ್ತು. ಟೇಪು ತೆಗೆಯುವಾಗ ಲೈನರಿನ ಒಂದು ಸಿಪ್ಪೆ ಅಡ್ಡ ಉಳಿದುಕೊಂಡಿತ್ತು. ಬ್ಲೇಡಿನಿಂದ ಅದನ್ನು ಬಿಡಿಸಿ, ಕತ್ತರಿಸಿದ ಅಂಚಿಗೆ ಪ್ರೈಮರ್ ತಾಗಿಸಿ, ಮರುದಿನ ಇನ್ನೊಂದು ಕೊಡ ಹೊಯ್ದೆ. ಎರಡು ಕಡೆಯಿಂದಲೂ ಇಳಿಯಿತು.